ಹೆಸರಿಲ್ಲದ ಎರಡು ಸಂಖ್ಯೆ

ಆಗಸ್ಟ್ 11, ಸೋಮವಾರ

ನನ್ನ ಹಳದಿ ಸುಲು ಕಾಣುತ್ತಿಲ್ಲ. ಮದುವೆಯ ಮರುದಿನ ಸೊಂಟಕ್ಕೆ ಸುತ್ತಿಕೊಂಡಿದ್ದ ಬಟ್ಟೆ, ಅಂಚಿನಲ್ಲಿ ಬಿಳಿ ಹೂವಿನ ಸಾಲು ಇರುವುದು. ಪೆಟ್ಟಿಗೆಯಲ್ಲಿ ಚಾಪೆಗಳ ಕೆಳಗೆ ಮಡಿಸಿ ಇಟ್ಟಿದ್ದೆ. ಆಸ್ಪತ್ರೆಗೆ ಹೋಗುವ ಮುಂಚೆ ಇತ್ತು. ಪೆಟ್ಟಿಗೆಗೆ ಬೀಗವಿಲ್ಲ, ಆದರೆ ಅದನ್ನು ತೆರೆಯುವವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬ ನನ್ನ ಗಂಡ ಇಲೈತಿಯಾ.

ಅತ್ತೆಯನ್ನು ಕೇಳೋಣವೆಂದು ಹೋಗಿ ಬಾಗಿಲಲ್ಲೇ ನಿಂತೆ. ಅವರು ಚಾಪೆಗೆಂದು ಕೇದಗೆ ಗರಿ ಸೀಳುತ್ತಾ ಕೂತಿದ್ದರು.

"ಏನು ಹುಡುಗಿ?"

"ಏನಿಲ್ಲ ಅತ್ತೆ."

ಹಾಗೇ ವಾಪಸ್ ಬಂದೆ. ನನಗೆ ಮೊದಲಿನಿಂದಲೂ ಮಾತು ಬಾಯಿಗೆ ಬರುವುದಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟಾಗ ನಮ್ಮ ಕಂದಾವು ದ್ವೀಪದ ಮೇಷ್ಟ್ರು, "ಉನೈಸಿ ಬರೆದದ್ದು ನೋಡಿದೀನಿ, ದನಿ ಮಾತ್ರ ಕೇಳಿಲ್ಲ" ಎಂದು ಎಲ್ಲರೆದುರು ಹೇಳಿ ನಗಿಸಿದ್ದರು. ಈ ತವೆಉನಿ ದ್ವೀಪಕ್ಕೆ ಸೊಸೆಯಾಗಿ ಬಂದಮೇಲೆ ಇನ್ನೂ ಕಡಿಮೆಯಾಯಿತು. ಅದಕ್ಕೇ ಆಸ್ಪತ್ರೆಯ ನರ್ಸ್ ಬರೆಯಲು ಈ ಪುಸ್ತಕ ಕೊಟ್ಟಳೇನೋ.

ಜೂನ್‌ನಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದು ಸತ್ತೇ ಹುಟ್ಟಿತು. ಗಂಡು ಎಂದರು. ನನಗೆ ಜ್ವರ ಏರಿ ಎಷ್ಟೋ ದಿನ ಮಂಚದಿಂದ ಏಳಲಿಲ್ಲ. ಅದನ್ನು ಇಲೈತಿಯಾ ಮತ್ತು ಅವನ ಸೋದರಮಾವ ತೆಗೆದುಕೊಂಡು ಹೋದರು. ಅದರ ಬಗ್ಗೆ ಇಷ್ಟು ಸಾಕು. ನಾನು ಬರೆಯಲು ಕೂತದ್ದು ಸುಲುವಿನ ವಿಷಯ.

ಆಗಸ್ಟ್ 13, ಬುಧವಾರ

ಎಲ್ಲ ಕಡೆ ಹುಡುಕಿದೆ. ಸಿಗಲಿಲ್ಲ.

ಒಂದಕ್ಕೊಂದು ಸೇರಿಸಿ ನೋಡುತ್ತಿದ್ದೇನೆ. ಇಲೈತಿಯಾ ವಾರವೆಲ್ಲ ಲಾಡ್ಜಿನ ದೋಣಿ ನಡೆಸುತ್ತಾನೆ, ಹವಳ ನೋಡಲು ನೀರಿಗಿಳಿಯುವ ಹೊರಗಿನವರನ್ನು ಕರೆದುಕೊಂಡು ಹೋಗುತ್ತಾನೆ. ಶನಿವಾರ ರಜೆ. ಆವತ್ತು ಬೆಳಿಗ್ಗೆ ಉದ್ದ ಕತ್ತಿ ಹಿಡಿದು "ಕೆಸುವಿನ ತೋಟಕ್ಕೆ" ಎನ್ನುತ್ತಾನೆ. ಮಧ್ಯಾಹ್ನ ಬರಿಗೈಯಲ್ಲಿ ಬರುತ್ತಾನೆ. ನಮ್ಮ ತೋಟದ ಮಣ್ಣು ಕಪ್ಪು. ಅವನ ಕಾಲಿಗೆ ಅಂಟಿರುವುದು ಕೆಂಪು ಮಣ್ಣು.

ಆಸ್ಪತ್ರೆಯಿಂದ ಬಂದ ದಿನ ಅವನು ಪಕ್ಕದಲ್ಲಿ ಕೂತು, "ಉನಾ, ಒಂದು ಮಾತು ಹೇಳ್ಬೇಕು" ಎಂದ. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವನು ಎದ್ದುಹೋದ. ಆಮೇಲೆ ಬಾಯಿ ಬಿಡಲಿಲ್ಲ. ಆವತ್ತು ಹೇಳಬೇಕೆಂದಿದ್ದದ್ದು ಯಾವಳದೋ ವಿಷಯವಿರಬೇಕು ಎಂದು ಈಗ ಅನ್ನಿಸುತ್ತಿದೆ.

ಆಗಸ್ಟ್ 16, ಶನಿವಾರ

ಇವತ್ತು ಅವನ ಕೈಯಲ್ಲಿ ಕತ್ತಿಯ ಜತೆ ಒಂದು ಒದ್ದೆ ಗೋಣಿಚೀಲ. ಒಳಗೆ ಕ್ರೋಟನ್ ಗಿಡ, ಕೆಂಪು ಹಳದಿ ಎಲೆಯದು, ಬೇರು ಸಮೇತ.

"ಕೆಸುವಿನ ತೋಟದಲ್ಲಿ ಬಣ್ಣದೆಲೆ ಗಿಡ ಯಾಕೆ?" ಎಂದು ಕೇಳಿದೆ. ಇಷ್ಟು ಕೇಳಲು ಅರ್ಧ ಬೆಳಿಗ್ಗೆ ಬೇಕಾಯಿತು.

"ದಾರೀಲೆಲ್ಲಾದ್ರೂ ನೆಡ್ತೀನಿ" ಎಂದ. ನನ್ನ ಮುಖ ನೋಡಲಿಲ್ಲ.

ದಾರಿಯಲ್ಲಿ ಯಾರಾದರೂ ಕ್ರೋಟನ್ ನೆಡುತ್ತಾರೆಯೇ? ಅದನ್ನು ನೆಡುವುದು ಮನೆಯ ಮುಂದೆ.

ಆಗಸ್ಟ್ 19, ಮಂಗಳವಾರ

ಸಿಕ್ಕಿತು.

ಅವನು ಸ್ನಾನಕ್ಕೆ ಹೋಗಿದ್ದ. ಫೋನ್ ಕಿಟಕಿಯಲ್ಲಿತ್ತು. ಅವನ ಸೋದರಮಾವನ ಉತ್ತರ ಬಂದು ಪರದೆ ಬೆಳಗಿತು. "ಆಯ್ತಪ್ಪ" ಎಂದಷ್ಟೇ. ಅದರ ಮೇಲೆ ಇವನು ಕಳಿಸಿದ್ದು ಕಾಣಿಸಿತು. ಎರಡು ಉದ್ದನೆಯ ಸಂಖ್ಯೆ. ಕೆಳಗೆ, "ಮಾವ, ನನಗೇನಾದ್ರೂ ಆದ್ರೆ ಜಾಗ ನಿಮಗಾದ್ರೂ ಗೊತ್ತಿರ್ಲಿ. ಉನಾಗೆ ಈಗ್ಲೇ ಹೇಳ್ಬೇಡಿ."

ಸಂಖ್ಯೆಗಳನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. 16.7931 ಮತ್ತು 179.9672. ಅವನು ಒದ್ದೆ ಕಾಲಲ್ಲಿ ಬಂದಾಗ ಮುಷ್ಟಿ ಬಿಗಿಹಿಡಿದು ಅನ್ನಕ್ಕಿಟ್ಟೆ.

ದೋಣಿಯವರು ಜಾಗ ಗುರುತಿಡುವುದು ಹೀಗೇ ಎಂದು ನನಗೆ ಗೊತ್ತು. ನೀರಿನ ಮೇಲೆ ಮರವಿಲ್ಲ, ಕಲ್ಲಿಲ್ಲ, ಸಂಖ್ಯೆಯಲ್ಲೇ ನೆನಪಿಡಬೇಕು. ಆದರೆ ಅವನ ಗುರುತುಗಳಿಗೆಲ್ಲ ಹೆಸರಿರುತ್ತದೆ. ಆಮೆ ಕಲ್ಲು, ಹಳೆ ಲಂಗರು, ಹೀಗೆ. ಇದಕ್ಕೆ ಹೆಸರಿಲ್ಲ. ಹೆಸರು ಹೇಳಲಾಗದ್ದಕ್ಕೆ ಅಲ್ಲವೇ ಹೆಸರಿಡದಿರುವುದು?

ಆಗಸ್ಟ್ 21, ಗುರುವಾರ

ಬಸ್ಸು ಹತ್ತಿ ಕಿನಿ ಕೆಲಸ ಮಾಡುವ ಅಂಗಡಿಗೆ ಹೋಗಿದ್ದೆ. ಕಿನಿ ಇಲೈತಿಯಾನ ತಂಗಿ. ನನ್ನನ್ನು ರೇಗಿಸುವುದು ಅವಳ ಹಕ್ಕು, ನಾದಿನಿಯಲ್ಲವೇ. ಅಂಗಡಿ ಇರುವುದು ಗೆರೆಯ ಆಚೆ. ರಸ್ತೆಯ ಪಕ್ಕ ಒಂದು ಹಲಗೆ ನಿಲ್ಲಿಸಿದ್ದಾರೆ, ಭೂಮಿಯ ನೂರೆಂಬತ್ತು ಡಿಗ್ರಿಯ ಗೆರೆ ಅಲ್ಲಿ ಹಾದುಹೋಗುತ್ತದಂತೆ. ಹೊರಗಿನವರು ಆ ಕಡೆ ಒಂದು ಕಾಲು ಈ ಕಡೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಮಗೆ ಅದು ಬಸ್ಸಿನಿಂದ ಕಾಣುವ ಹಲಗೆ.

"ಏನೇ ಕಂದಾವುವಿನ ಮೂಕಿ, ದಾರಿ ತಪ್ಪಿ ಬಂದ್ಯಾ?"

"ಸಂಖ್ಯೆಯಿಂದ ಜಾಗ ಹುಡುಕೋದು ಹೇಗೆ, ಕಿನಿ?"

"ಅಯ್ಯೋ, ಯಾರ್ದೇ ಜಾಗ? ನಮ್ಮಣ್ಣ ಸಾಕಾಯ್ತಾ ಇಷ್ಟು ಬೇಗ?"

ನನ್ನ ಫೋನ್ ಕಿತ್ತುಕೊಂಡು ನಕ್ಷೆ ತೆರೆದಳು. ಮೇಲಿನ ಚೌಕದಲ್ಲಿ ಸಂಖ್ಯೆ ಬರೆದು ನಡುವೆ ಅಲ್ಪವಿರಾಮ ಹಾಕಿದರೆ ಆಯಿತಂತೆ. ಗಿರಾಕಿ ಬಂದು ಅವಳು ಅತ್ತ ಹೋದಾಗ, ಬೆಳಿಗ್ಗೆ ಪುಸ್ತಕ ನೋಡಿ ಮತ್ತೆ ಬರೆದುಕೊಂಡಿದ್ದ ಅಂಗೈ ತೆರೆದು ಸಂಖ್ಯೆ ಹಾಕಿದೆ. ಪರದೆ ತುಂಬ ನೀಲಿ. ಎಷ್ಟು ಚಿಕ್ಕದು ಮಾಡಿದರೂ ನೀಲಿ, ದ್ವೀಪದ ಚುಕ್ಕೆಯೂ ಇಲ್ಲ.

"ಎಲ್ಲೋ ತಪ್ಪಿದೆ" ಎಂದಳು ಕಿನಿ, ಸಕ್ಕರೆ ತೂಗುತ್ತಾ. "ಮೊದ್ಲು ಗೊತ್ತಿರೋ ಜಾಗದ್ದು ನೋಡು. ಈ ಅಂಗಡಿ ಮೇಲೆ ಬೆರಳು ಒತ್ತಿ ಹಿಡ್ಕೊ."

ಒತ್ತಿ ಹಿಡಿದೆ. ಕೆಂಪು ಗುರುತು ಬಂತು, ಮೇಲೆ ಅಂಗಡಿಯ ಸಂಖ್ಯೆ. ಅಕ್ಷಾಂಶ, ರೇಖಾಂಶ ಎಂದು ಮೇಷ್ಟ್ರು ಗೋಳ ತಿರುಗಿಸಿ ಹೇಳಿದ್ದು ನೆನಪಾಯಿತು. ಆಗ ನನಗೆ ಕಿತ್ತಳೆ ಹಣ್ಣಿನ ತೊಳೆಗಳೇ ಕಾಣಿಸಿದ್ದವು. ಅಂಗಡಿಯ ಮೊದಲ ಸಂಖ್ಯೆಯ ಎಡಕ್ಕೆ, ಕಳೆಯುವ ಲೆಕ್ಕದಲ್ಲಿ ಹಾಕುವಂಥ ಒಂದು ಸಣ್ಣ ಅಡ್ಡಗೆರೆ ಇತ್ತು. ಎರಡನೆಯದಕ್ಕೆ ಇರಲಿಲ್ಲ. ಇಲೈತಿಯಾನ ಫೋನಿನಲ್ಲೂ ಅಡ್ಡಗೆರೆ ನೋಡಿದ ನೆನಪು. ಪಟ್ಟಿ ಮಾಡುವಾಗ ಹಾಕುವ ಗೀಟು ಎಂದುಕೊಂಡು ಬಿಟ್ಟಿದ್ದೆ. ಅಂಗಡಿಯದರಂತೆ ಮೊದಲನೆಯದಕ್ಕೆ ಹಾಕಿ ಮತ್ತೆ ಬರೆದೆ.

ಈ ಸಲ ನಮ್ಮ ದ್ವೀಪ ಬಂತು. ಆದರೆ ಗುರುತು ದ್ವೀಪದ ಮೇಲಿರಲಿಲ್ಲ. ನಮಗೂ ಪಕ್ಕದ ದೊಡ್ಡ ದ್ವೀಪಕ್ಕೂ ನಡುವಿನ ಜಲಸಂಧಿಯಲ್ಲಿ, ನೀರಿನ ಮೇಲೆ ನಿಂತಿತ್ತು.

ಕಿನಿ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಥೂ! ನಿನ್ನ ಪ್ರಿಯಕರ ಮೀನೇನೇ?"

ನಾನು ನಗಲಿಲ್ಲ. ಅವಳೂ ನಿಲ್ಲಿಸಿದಳು.

ಈಗಷ್ಟೇ ಅಂಗಡಿಯಿಂದ ಬಂದು ಬರೆಯುತ್ತಿದ್ದೇನೆ. ಬೇರೆ ಹೆಂಗಸು ಇಲ್ಲ. ನೀರಿನ ಮೇಲೆ ಯಾವ ಹೆಂಗಸು ಮನೆ ಕಟ್ಟುತ್ತಾಳೆ? ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು ಹೇಳಿದ್ದು ಈಗ ನೆನಪಾಗುತ್ತಿದೆ. "ನಿನ್ನ ಗಂಡ ಲಾಡ್ಜಿನ ದೋಣಿ ತಂದು ಕೆಳಗೆ ದಡದಲ್ಲಿ ನಿಲ್ಸಿದ್ದ ಕಣೆ ಆವತ್ತು."

ದೋಣಿಯಲ್ಲಿ ಒಯ್ದರು. ಅದನ್ನು.

ಆಗಸ್ಟ್ 22, ಶುಕ್ರವಾರ

ಮೀನು ಬೇಯಿಸಿಕೊಟ್ಟೆ. ನಾನು ತಿನ್ನಲಿಲ್ಲ.

ಆಗಸ್ಟ್ 24, ಭಾನುವಾರ

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಹೊರಟರು. ಚಪ್ಪಲಿ ಕಿತ್ತಿದೆ ಎಂದು ಹೇಳಿ ಹಿಂದುಳಿದು ಚರ್ಚಿನ ಹಿಂದಿನ ಸಮಾಧಿಗಳ ನಡುವೆ ನಡೆದೆ. ಈ ವರ್ಷ ಅಗೆದ ಮಣ್ಣು ಎಲ್ಲೂ ಇಲ್ಲ. ಸಣ್ಣ ಗುಂಡಿ ಎಷ್ಟು ಬೇಗ ಹುಲ್ಲು ಮುಚ್ಚುತ್ತದೆಯೋ ನನಗೆ ಗೊತ್ತಿಲ್ಲ. ಒಂದೊಂದನ್ನೂ ಕಾಲಿನಿಂದ ತಡವಿ ನೋಡಿದೆ. ಹಳೆಯವು.

ಮನೆಗೆ ಬಂದಾಗ ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು, ಕೆಸುವಿನ ಎಲೆಗೆ ಹಾಲು ಹಿಂಡಲು. ಎದುರು ಕೂತೆ.

"ಮಗು ಎಲ್ಲಿದೆ ಅತ್ತೆ?"

ತುರಿಮಣೆಯ ಸದ್ದು ನಿಂತಿತು.

"ನಮ್ಮವರ ಜತೆ ಇದಾನೆ."

"ಎಲ್ಲಿ?"

"ನನ್ನನ್ನಲ್ಲ ಹುಡುಗಿ ಕೇಳ್ಬೇಕಾದ್ದು. ನಿನ್ನ ಗಂಡನ್ನ ಕೇಳು."

ಮತ್ತೆ ತುರಿಯತೊಡಗಿದರು. ಮೂವರೂ ಕೂಡಿ ಮೊದಲೇ ಮಾತಾಡಿಟ್ಟುಕೊಂಡಿದ್ದಾರೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಅವನನ್ನು ಕೇಳಿದರೆ ಮಾವನನ್ನು ಕೇಳು ಎನ್ನುತ್ತಾನೆ.

ಕೇಳುವುದಿಲ್ಲ. ಕೇಳಿದರೆ "ಸಮುದ್ರದಲ್ಲಿ" ಎಂದುಬಿಟ್ಟರೆ?

ಆಗಸ್ಟ್ 30, ಶನಿವಾರ

ಬೆಳಿಗ್ಗೆ ಮತ್ತೆ ಕತ್ತಿ, ಮತ್ತೆ ಕೆಂಪು ಮಣ್ಣು. ಸಮುದ್ರದಲ್ಲಿ ಮಾಡಿದ ತಪ್ಪಿಗೆ ಬೆಟ್ಟಕ್ಕೆ ಯಾಕೆ ಹೋಗುತ್ತಾನೆ? ಒಂದಕ್ಕೊಂದು ಕೂಡುತ್ತಿಲ್ಲ. ಕೂಡದಿರುವುದೂ ಅವನ ಉಪಾಯವೇ ಇರಬಹುದು.

ಸಂಜೆ ದೋಣಿಯವರು ಕಳಿಸಿದ ಎರಡು ಕೆಂಪು ಮೀನು ಹಿಡಿದು ಬಂದ. "ನಿಂಗಿಷ್ಟ ಅಲ್ವಾ" ಎಂದ.

"ನಿನ್ನ ಸಮುದ್ರದ್ದು ನಂಗೇನೂ ಬೇಡ."

ಎಲ್ಲರಿಗೂ ಕೇಳಿಸಿತು. ಪಕ್ಕದ ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದಳು. ಅವನು ಮೀನು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಅತ್ತೆ ಬಂದು ಅವನ ಕೈಯಿಂದ ತೆಗೆದುಕೊಂಡರು.

ಕತ್ತಲಾಗುವ ಮುಂಚೆ ಸೋದರಮಾವ ಬಂದರು. ಇಬ್ಬರೂ ಯಂಗೋನಾ ಬೇರಿನ ಪುಡಿಯನ್ನು ನೀರಿನಲ್ಲಿ ಕಲಸಿದ ಬೋಗುಣಿ ನಡುವೆ ಇಟ್ಟುಕೊಂಡು ಕುಡಿಯುತ್ತಾ ಕೂತರು. ನಾನು ಗೋಡೆಯ ಈಚೆ ಗರಿ ಸುತ್ತುತ್ತಿದ್ದೆ.

"ಕೇಳಿದ್ಲಾ?" ಎಂದರು ಮಾವ.

"ನನ್ನನ್ನ ಕೇಳಿಲ್ಲ."

"ಕೇಳೋವರ್ಗೂ ಸುಮ್ನಿರು. ಗಾಯ ಅವಳ್ದು. ಮುಟ್ಬೇಕಾದ್ದೂ ಅವಳೇ."

ಪದ್ಧತಿಯಂತೆ ಚಪ್ಪಾಳೆ ತಟ್ಟಿ ತೆಂಗಿನ ಚಿಪ್ಪು ಖಾಲಿ ಮಾಡಿದ ಸದ್ದಾಯಿತು. ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಮಾವ. ಮುಚ್ಚಿಡುವವರು ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತಾರೆ.

ಸೆಪ್ಟೆಂಬರ್ 2, ಮಂಗಳವಾರ

ಅಕ್ಷರ ಸೊಟ್ಟಗಾದರೂ ಬೇಗ ಬರೆದುಬಿಡುತ್ತೇನೆ.

ಚಾಪೆಯ ಅಂಚು ನೇಯುತ್ತಾ ಬೇಸರವಾಗಿ ಫೋನ್ ತೆಗೆದೆ. ನಕ್ಷೆಯಲ್ಲಿ ನಮ್ಮ ಹಳ್ಳಿ ಹುಡುಕಿದೆ. ಚರ್ಚಿನ ಕೆಂಪು ತಗಡು, ಅದರ ಪಕ್ಕ ದೀವಿಹಲಸಿನ ಮರ, ಅದರ ಪಕ್ಕ ನಮ್ಮ ಮಾಡು. ಸುಮ್ಮನೆ ನಮ್ಮ ಮಾಡಿನ ಮೇಲೆ ಬೆರಳು ಒತ್ತಿ ಹಿಡಿದೆ.

ಎರಡು ಸಂಖ್ಯೆಗೂ ಅಡ್ಡಗೆರೆ ಇದೆ.

ಅಂಗಡಿಯದಕ್ಕೆ ಒಂದೇ ಇತ್ತು. ನಮ್ಮ ಮನೆಯದಕ್ಕೆ ಎರಡು. ನಕ್ಷೆಯನ್ನು ತಳ್ಳುತ್ತಾ ರಸ್ತೆಯುದ್ದಕ್ಕೂ ಒತ್ತಿ ನೋಡಿದೆ. ಹಳ್ಳಿಯ ಕೊನೆ, ಎರಡು. ಸೇತುವೆ, ಎರಡು. ಗೆರೆಯ ಹಲಗೆ ದಾಟಿದ ಕೂಡಲೇ ಒಂದು. ಆ ಹಲಗೆ ಬರೀ ಫೋಟೋಗೆ ಎಂದುಕೊಂಡಿದ್ದೆ. ಆ ಕಡೆ ಭೂಮಿಯನ್ನು ಒಂದು ದಿಕ್ಕಿನಿಂದ ಎಣಿಸುತ್ತಾರೆ, ನಮ್ಮ ಕಡೆ ಇನ್ನೊಂದು ದಿಕ್ಕಿನಿಂದ. ನಾನು ಅವನ ಸಂಖ್ಯೆಯನ್ನು ಗೆರೆಯ ಆಚೆಯ ಲೆಕ್ಕದಲ್ಲಿ ಹುಡುಕಿದ್ದೆ.

ಎರಡೂ ಅಡ್ಡಗೆರೆ ಹಾಕಿ ಬರೆದೆ. ಗುರುತು ಜಲಸಂಧಿ ಬಿಟ್ಟು, ದಡ ದಾಟಿ, ನಮ್ಮ ಹಳ್ಳಿಯ ಹಿಂದಿನ ಬೆಟ್ಟದಲ್ಲಿ ಹೋಗಿ ಕೂತಿತು. ಸುತ್ತ ಬರೀ ಹಸಿರು. ಒಂದು ಮಾಡೂ ಇಲ್ಲ.

ಸಮುದ್ರವಲ್ಲ. ಸಮುದ್ರವಲ್ಲ. ಇದನ್ನು ಎಷ್ಟು ಸಲ ಬರೆದರೂ ಸಾಲದು.

ಸಂಜೆ ಕಿನಿ ಬಂದಳು. ಕೇಳಿದೆ, "ಹಿಂದಿನ ಬೆಟ್ಟದಲ್ಲಿ ಏನಿದೆ?"

"ಹಳೇ ಊರು. ಚರ್ಚ್ ಬರೋಕ್ಮುಂಚೆ ನಮ್ಮೋರೆಲ್ಲ ಅಲ್ಲೇ ಇದ್ದದ್ದು. ಈಗ ಮನೆ ಇಲ್ಲ, ಮನೆ ಕೂತಿದ್ದ ಕಲ್ಲಿನ ದಿಬ್ಬಗಳಿವೆ ಅಷ್ಟೇ. ಒಂದೊಂದು ಮನೆತನಕ್ಕೆ ಒಂದೊಂದು, ಒಂದೊಂದಕ್ಕೂ ಹೆಸ್ರು. ನಮ್ಮದು ನಸಾವು. ದೊಡ್ಡೋರನ್ನ ಯಾರನ್ನಾದ್ರೂ ನಿಮ್ಮನೆ ಎಲ್ಲಿ ಅಂತ ಕೇಳು, ಈ ತಗಡಿನ ಮನೆ ತೋರ್ಸಲ್ಲ, ಆ ದಿಬ್ಬದ ಹೆಸ್ರು ಹೇಳ್ತಾರೆ." ಆಮೇಲೆ ಕಣ್ಣು ಕಿರಿದು ಮಾಡಿ, "ಯಾಕೆ? ಮೀನು ಬೆಟ್ಟ ಹತ್ತಿತಾ?"

"ಹತ್ತಿತು" ಎಂದೆ. ಅವಳು ನಕ್ಕಳು. ನಾನೂ ನಕ್ಕೆನೆಂದು ಕಾಣುತ್ತದೆ, ಯಾಕೆಂದರೆ ಅತ್ತೆ ಒಳಗಿನಿಂದ ಇಣುಕಿ ನೋಡಿದರು.

ಆದರೂ ಕಣ್ಣಾರೆ ನೋಡುವವರೆಗೆ ನಂಬುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ಅವನು ದೋಣಿಗೆ ಹೋದ ಮೇಲೆ ಹೊರಟೆ. ಸೌದೆಗೆ ಹೋಗುತ್ತೇನೆ ಎಂದೆ ಅತ್ತೆಗೆ. "ಬೂಟು ಹಾಕ್ಕೊಂಡು ಹೋಗು, ಮೇಲೆ ಜಾರುತ್ತೆ" ಎಂದರು. ಮೇಲೆ ಎಂದು ನಾನು ಹೇಳಿಯೇ ಇರಲಿಲ್ಲ. ಅದನ್ನು ಆಮೇಲೆ ಯೋಚಿಸಬೇಕು.

ಕೆಸುವಿನ ತೋಟದವರೆಗೆ ದಾರಿ ಗೊತ್ತಿತ್ತು. ಅಲ್ಲಿಂದ ಮುಂದೆ ಎರಡು ಕವಲು. ನಕ್ಷೆಯಲ್ಲಿ ನಾನೊಂದು ನೀಲಿ ಚುಕ್ಕೆ, ಅದು ಕೆಂಪು ಗುರುತು. ಎಡಕ್ಕೆ ಹೋದೆ, ದೂರವಾಯಿತು. ವಾಪಸ್ ಬಂದು ಬಲಕ್ಕೆ ಹೋದೆ. ಅಲ್ಲಿ ಮಣ್ಣು ಕೆಂಪಾಯಿತು. ಹೊಸದಾಗಿ ಸವರಿದ ದಾರಿ, ಎರಡೂ ಬದಿ ಕತ್ತಿಯ ಗಾಯವಿರುವ ಜರಿಗಿಡ. ಕಡಿದಾದ ಕಡೆಯಲ್ಲೆಲ್ಲ ಮಣ್ಣು ಕೆತ್ತಿ ಮೆಟ್ಟಿಲು ಮಾಡಿದ್ದ. ಅವನ ಕಾಲಿಗೆ ಅಂಥ ಗಿಡ್ಡ ಮೆಟ್ಟಿಲು ಬೇಕಿಲ್ಲ. ಯಾರ ಕಾಲಿಗಾಗಿ ಎಂದು ಆಗಲೂ ಅನುಮಾನಪಡುತ್ತಲೇ ಹತ್ತಿದೆ.

ಮೇಲೆ ಮರಗಳ ನಡುವೆ ಬಯಲು. ಪಾಚಿ ಹಿಡಿದ ಕಲ್ಲಿನ ಅಂಚು, ಎತ್ತರದ ದಿಬ್ಬ. ಅದರ ಒಂದು ಮೂಲೆಯಲ್ಲಿ ಹುಲ್ಲು ಕತ್ತರಿಸಿತ್ತು. ಕ್ರೋಟನ್ ಹೊಸ ಎಲೆ ಬಿಟ್ಟಿತ್ತು. ಅದರ ಮುಂದೆ ನನ್ನ ತೋಳಿನಷ್ಟು ಉದ್ದದ ಸಣ್ಣ ಮಣ್ಣಿನ ಗುಪ್ಪೆ. ಅದರ ಮೇಲೆ, ನಮ್ಮಲ್ಲಿ ಸಮಾಧಿಗೆ ಹೊದಿಸುವಂತೆ, ನನ್ನ ಹಳದಿ ಸುಲು.

ನನ್ನ ಬಟ್ಟೆಯನ್ನೇ ತಂದಿದ್ದಾನೆ. ಬೇರೆ ಯಾರದನ್ನೂ ಅಲ್ಲ.

ಎಷ್ಟು ಹೊತ್ತು ಕೂತಿದ್ದೆನೋ. ಗಾಳಿಗೆ ಸುಲುವಿನ ಒಂದು ಮೂಲೆ ಬಿಚ್ಚಿ ಹಾರುತ್ತಿತ್ತು. ಇಲೈತಿಯಾ ಕಟ್ಟಿದ ಗಂಟು ಸಡಿಲ. ಮೂಲೆಯಲ್ಲಿ ನೆಟ್ಟಿದ್ದ ಗೂಟಕ್ಕೆ ಮತ್ತೆ ಕಟ್ಟಿದೆ, ಕಂದಾವುವಿನಲ್ಲಿ ಅಪ್ಪ ದೋಣಿ ಕಟ್ಟುತ್ತಿದ್ದ ಹಾಗೆ, ಎಳೆದಷ್ಟೂ ಬಿಗಿಯುವಂತೆ. ನಾಲ್ಕೂ ಮೂಲೆಗೆ. ಮಗನಿಗೆ ಚಳಿಯಾಗಬಾರದು.

ನಕ್ಷೆಯಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಗುರುತು ಉಳಿಸಿಕೊಂಡೆ. ಫೋನ್ ಹೆಸರು ಕೇಳಿತು. ಖಾಲಿ ಬಿಟ್ಟೆ.

ಸೌದೆ ತರಲು ಮರೆತೆ. ಅತ್ತೆ ಕೇಳಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಅವನು ಮಧ್ಯಾಹ್ನ ಬೆಟ್ಟದಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟ.

"ಉನಾ, ಕಂದಾವು ಕಡೆಯಿಂದ ಯಾರಾದ್ರೂ ಬಂದಿದ್ರಾ?"

"ಇಲ್ಲ. ಯಾಕೆ?"

"ಏನಿಲ್ಲ."

ನನ್ನ ಕೈಗಳನ್ನೇ ನೋಡುತ್ತಿದ್ದ. ನಾನು ಗರಿ ನೇಯುತ್ತಲೇ ಇದ್ದೆ. ಈಗ ಅವನಿಗೆ ಅನುಮಾನ. ಇರಲಿ ಸ್ವಲ್ಪ ದಿನ. ನಾನೂ ಇದ್ದೆನಲ್ಲ.

ಕೆಂಪು ಮೀನು ತೆಂಗಿನಹಾಲಿನಲ್ಲಿ ಬೇಯಿಸಿದ್ದೆ. ನಮ್ಮನೆಯ ಕೆಸುವಿನ ಗೆಡ್ಡೆ ಈ ಸಲ ತುಂಬ ಚೆನ್ನಾಗಿ ಬೆಂದಿತ್ತು, ಎರಡು ಸಲ ಹಾಕಿಸಿಕೊಂಡೆ.

ಸೆಪ್ಟೆಂಬರ್ 13, ಶನಿವಾರ

ಬೆಳಿಗ್ಗೆ ಅವನು ಕತ್ತಿ ತೆಗೆದುಕೊಂಡ.

"ಎಲ್ಲಿಗೆ?"

"ತೋಟಕ್ಕೆ."

"ನಾನೂ ಬರ್ತೀನಿ."

ಅವನು ನನ್ನನ್ನೂ ಅತ್ತೆಯನ್ನೂ ನೋಡಿದ. ಅತ್ತೆ ಒಳಗೆ ಹೋಗಿ ನನ್ನ ಬೂಟು ತಂದು ಮೆಟ್ಟಿಲ ಮೇಲಿಟ್ಟರು.

ತೋಟದವರೆಗೆ ಅವನು ಮುಂದೆ, ನಾನು ಹಿಂದೆ. ಕವಲಿನಲ್ಲಿ ನಿಂತ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಾನು ಅವನನ್ನು ದಾಟಿ ಬಲಗಡೆಯ ದಾರಿ ಹಿಡಿದಿದ್ದೆ. ಹಿಂದಿನಿಂದ ಹೆಜ್ಜೆ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.

"ಗಂಟು ನೋಡ್ದಾಗ್ಲೇ ಅಂದ್ಕೊಂಡೆ" ಎಂದ, ಮೇಲೆ ತಲುಪಿದ ಮೇಲೆ. "ನಮ್ಮ ಕಡೆ ಯಾರೂ ಹಂಗೆ ಕಟ್ಟಲ್ಲ."

"ನೀನು ಕಟ್ಟಿದ್ದು ಬಿಚ್ಕೊಂಡಿತ್ತು. ದೋಣಿ ನಡ್ಸೋನು ನೀನು."

"ಕೈ ಸರಿ ಇರ್ಲಿಲ್ಲ ಉನಾ ಆವತ್ತು."

ಗುಪ್ಪೆಯ ಆಚೆ ಈಚೆ ಕೂತೆವು. ಅವನು ಎಲ್ಲ ಹೇಳಿದ. ರಸ್ತೆಯಲ್ಲಿ ಬಸ್ಸಿನ ಜನ ನೋಡಬಾರದೆಂದು ದೋಣಿಯಲ್ಲಿ ತಂದದ್ದು. ಮಾವ ದೀಪ ಹಿಡಿದದ್ದು. ಹೆಸರಿಡುವ ಮುಂಚೆ ಹೋದವನಿಗೆ ಹೆಸರಿರುವ ಮನೆಯಾದರೂ ಇರಲಿ ಎಂದು ಅತ್ತೆಯೇ ನಸಾವು ದಿಬ್ಬ ಹೇಳಿದ್ದು. ಇಲ್ಲಿ ಹುಲ್ಲು ಒಂದೇ ಮಳೆಗೆ ಎಲ್ಲ ಮುಚ್ಚುತ್ತದೆ, ನಾನು ಕೇಳುವ ದಿನ ಜಾಗ ತಪ್ಪಬಾರದೆಂದು ಸಂಖ್ಯೆ ಗುರುತು ಮಾಡಿಕೊಂಡದ್ದು.

"ಮೊದ್ಲ ದಿನಾನೇ ಹೇಳ್ಬೇಕು ಅಂತ ಬಂದೆ. ನೀನು ತಿರುಗಿ ಮಲಗ್ಬಿಟ್ಟೆ."

ನನಗೆ ಅದು ನೆನಪಿರಲಿಲ್ಲ. ಈಗ ಹಿಂದಿನ ಹಾಳೆ ತಿರುವಿ ನೋಡಿದೆ. ನಾನೇ ಬರೆದಿದ್ದೇನೆ.

ಅವನು ಫೋನ್ ತೆಗೆದು ಗುರುತು ತೋರಿಸಿದ. "ಹೆಸ್ರು ಕೇಳುತ್ತೆ ಇದು. ಆಮೆ ಕಲ್ಲು, ಹಳೆ ಲಂಗರು, ಎಲ್ಲಕ್ಕೂ ಇಟ್ಟೆ. ಇದಕ್ಕೇನು ಬರೀಲಿ ಗೊತ್ತಾಗ್ಲಿಲ್ಲ."

ಹೊಟ್ಟೆಯಲ್ಲಿದ್ದಾಗಲೇ ನಾನೊಂದು ಹೆಸರು ಇಟ್ಟುಕೊಂಡಿದ್ದೆ. ನಮ್ಮಪ್ಪನ ಹೆಸರು. ಮೊದಲ 
ಗಂಡಿಗೆ ಗಂಡನ ಮನೆ ಕಡೆಯದೇ ಇಡುತ್ತಾರೇನೋ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

"ಸೆರೆಮಾಯಾ" ಎಂದೆ.

ಜಲಸಂಧಿಯ ಕಡೆಯಿಂದ ಗಾಳಿ ಎದ್ದು ಮರಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಅವನು ಫೋನ್ ಹಿಡಿದು ಬಗ್ಗಿದ. "ಏನಂದೆ? ಕೇಳಿಸ್ಲಿಲ್ಲ."

ಮತ್ತೆ ಹೇಳಿದೆ, ಬೆಟ್ಟಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ. ಕೆಳಗೆ ಹಳ್ಳಿಯಲ್ಲಿ ನಾಯಿಗಳು ಬೊಗಳಿದವು.